ಹೆಸರು ಕೇಳಲು ಕಲಿತ ಕಾರ್ಮಿನ್

ಕಾರ್ಮಿನ್ ಲೋಬೊಳನ್ನು ಪ್ರಾರ್ಥನಾ ಮೊದಲು ನೋಡಿದ್ದು ಮೇಜಿನ ಕೆಳಗಿನಿಂದ. 2005ರ ಫೆಬ್ರವರಿ, ಒಂದು ಬುಧವಾರ, ಮಧ್ಯಾಹ್ನ ಮೂರೂವರೆ. ದುಬೈನ ಅಲ್ ನಹ್ದಾದಲ್ಲಿದ್ದ ಆ ಸಣ್ಣ ನರ್ಸಿಂಗ್ ಕಾಲೇಜಿನಲ್ಲಿ ಅಂದು ಇಂಟರ್ನೆಟ್ ಕೈಕೊಟ್ಟಿತ್ತು. ಕಂಪ್ಯೂಟರ್ ವಿಭಾಗ ಎಂದರೆ ಪ್ರಾರ್ಥನಾ ಒಬ್ಬಳೇ ಆದ್ದರಿಂದ ಅವಳು ಮೊಣಕಾಲೂರಿ ವೈರುಗಳ ಗಂಟು ಬಿಡಿಸುತ್ತಿದ್ದಳು. ಆಗ ಎದುರಿಗೆ ಒಂದು ಜೊತೆ ಕಪ್ಪು ಬೂಟು ಬಂದು ನಿಂತವು. ಹಿಮ್ಮಡಿ ಸವೆದಿತ್ತು, ಪಾಲಿಶ್ ಮಾತ್ರ ಮುಖ ಕಾಣುವಷ್ಟು ಮಿಂಚುತ್ತಿತ್ತು. ಮೇಜಿನ ಮೇಲೆ ಕಾಗದದ ಸರಸರ ಸದ್ದು. ಎದ್ದು ನೋಡಿದರೆ, ಹೋಟೆಲಿನ ಸಮವಸ್ತ್ರ ತೊಟ್ಟ, ಮೂವತ್ತಾರು ಮೂವತ್ತೇಳರ ಹೆಂಗಸೊಬ್ಬಳು ಚೆಲ್ಲಾಡಿ ಬಿದ್ದಿದ್ದ ಕಾಲೇಜಿನ ಕರಪತ್ರಗಳನ್ನೆಲ್ಲ ಒಟ್ಟುಮಾಡಿ, ಅಂಚಿಗೆ ಅಂಚು ಕೂಡಿಸಿ, ಮೇಜಿನ ಮೂಲೆಯಲ್ಲಿ ಇಡುತ್ತಿದ್ದಳು.

“ಗುಡ್ ಆಫ್ಟರ್‌ನೂನ್, ಮಿಸ್ ಪ್ರಾರ್ಥನಾ,” ಎಂದಳು, ಅವಳ ಎದೆಯ ಮೇಲಿನ ಬಿಲ್ಲೆ ಓದಿ. ಆಮೇಲೆ ದನಿ ತಗ್ಗಿಸಿ, “ಕನ್ನಡವಾ?”

“ಹೂಂ. ಕೆ.ಆರ್.ಪೇಟೆ ಕಡೆಯೋಳು.”

“ದೇವಾ, ಬದುಕಿದೆ! ನಂದು ಶಿರ್ವ, ಉಡುಪಿ ಹತ್ರ. ಇಂಗ್ಲಿಷಲ್ಲಿ ಕೇಳ್ಲಿಕ್ಕೆ ಬಸ್ಸಲ್ಲಿ ಬಾಯಿಪಾಠ ಮಾಡ್ಕೊಂಡು ಬಂದದ್ದು, ಲಿಫ್ಟ್ ಹತ್ತುವಾಗ ಎಲ್ಲ ಮರ್ತುಹೋಯ್ತು. ಈ ಕಂಪ್ಯೂಟರಲ್ಲಿ ನರ್ಸ್ ಆಗುದು ಹೇಗೆ, ಒಮ್ಮೆ ಹೇಳು ಮಾರಾಯ್ತಿ.”

ಪ್ರಾರ್ಥನಾ ಹೇಳಿದಳು. ಮೂರು ವರ್ಷದ ಡಿಪ್ಲೊಮಾ. ಬೇರೆ ಕೆಲಸದಲ್ಲಿದ್ದುಕೊಂಡೇ ನರ್ಸ್ ಆಗಬಯಸುವವರಿಗಾಗಿ ಮಾಡಿದ್ದು. ಪಾಠಗಳೆಲ್ಲ ಇಂಟರ್ನೆಟ್ಟಿನಲ್ಲಿ, ಶುಕ್ರವಾರ ಕಾಲೇಜಿಗೆ ಬಂದು ಗೊಂಬೆಗಳ ಮೇಲೆ ಕೈಪಳಗಿಸುವುದು, ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯಲ್ಲಿ. ಅದಕ್ಕೆ ಮೊದಲು ಒಂದು ಪರೀಕ್ಷೆ. ಇಷ್ಟು ಹೇಳಿ ಅವಳು, ಈ ವಯಸ್ಸಿನಲ್ಲಿ ಯಾಕೆ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡಳು.

ಕಾರ್ಮಿನ್ ಕೇಳದೆಯೇ ಉತ್ತರ ಕೊಟ್ಟಳು. ದೇರಾದ ಹೋಟೆಲೊಂದರಲ್ಲಿ ಹದಿನೈದು ವರ್ಷದಿಂದ ಅವಳು ಕೋಣೆಗಳ ಮೇಲ್ವಿಚಾರಕಿ. ಹೋದ ರಂಜಾನಿನಲ್ಲಿ ಆರನೇ ಮಹಡಿಯ ಕೋಣೆಯೊಂದರಲ್ಲಿ ಅತಿಥಿ ಕುಸಿದು ಬಿದ್ದಿದ್ದ. ಆಂಬುಲೆನ್ಸಿನ ನರ್ಸು ಬಂದವಳೇ ಡ್ರಿಪ್ಪಿನ ಚೀಲ ಇವಳ ಕೈಗೆ ಕೊಟ್ಟು, “ಎತ್ತಿ ಹಿಡಿ, ಇಳಿಸಬೇಡ” ಎಂದಳಂತೆ. ಕಾರಿಡಾರು, ಲಿಫ್ಟು, ಲಾಬಿ ದಾಟಿ ಬಾಗಿಲವರೆಗೆ ಕೈ ಎತ್ತಿಕೊಂಡೇ ಹೋದಳು.

“ಆ ಹತ್ತು ನಿಮಿಷ ಉಂಟಲ್ಲ, ಹದಿನೈದು ವರ್ಷದಲ್ಲಿ ಹಾಗೆ ಅನಿಸಿದ್ದೇ ಇಲ್ಲ. ಆಮೇಲೆ ಮೇಲೆ ಬಂದು ಅದೇ ಕೋಣೆಯ ಹಾಸಿಗೆ ಹಾಸಿದೆ. ಹಾಸ್ತಾ ಹಾಸ್ತಾ ತಲೆಗೆ ಬಂತು, ನನಗೆ ಇನ್ನು ಈ ಕೆಲಸ ಬೇಡ.”

ಪ್ರಾರ್ಥನಾಳಿಗೆ ಆ ಮಾತು ನಾಟಿತು. ತನ್ನ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವಳು ಅವಳು. ಓದಬೇಕು ಎಂದು ಬಂದವರನ್ನು ಬಾಗಿಲಿಂದ ಹಿಂದೆ ಕಳಿಸುವುದು ಅವಳ ಕೈಲಾಗದು. ಆದರೆ ಕಾರ್ಮಿನ್ ಕಂಪ್ಯೂಟರ್ ಮುಟ್ಟಿರಲೇ ಇಲ್ಲ. ಹೋಟೆಲಿನಲ್ಲಿ ಕೋಣೆ ಸ್ವಚ್ಛವಾಯಿತೆಂದು ತಿಳಿಸಲು ಕೋಣೆಯ ಫೋನಿನಲ್ಲೇ ಒಂದು ಸಂಖ್ಯೆ ಒತ್ತಿದರೆ ಮುಗಿಯಿತು, ಖಲಾಸ್. ಹಾಗಾಗಿ ಮೊದಲ ತಿಂಗಳೆಲ್ಲ, ಪಾಳಿ ಮುಗಿಸಿ ಬಂದ ಕಾರ್ಮಿನ್‌ಗೆ ಪ್ರಾರ್ಥನಾ ಮೌಸ್ ಹಿಡಿಯುವುದನ್ನೇ ಕಲಿಸಿದಳು.

“ಅಕ್ಕ, ಅದನ್ನ ಹಂಗೆ ಒತ್ತಿ ಉಜ್ಜಬೇಡಿ, ಕಲೆ ತೆಗೀತಿಲ್ಲ ನೀವು.”

“ಕೈ ಅಭ್ಯಾಸ, ಎಂತ ಮಾಡುದು!”

ಆದರೆ ಪಾಠ ಹತ್ತಿದ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಔಷಧದ ಲೆಕ್ಕ ಎಂದರೆ ಉಳಿದವರೆಲ್ಲ ತಲೆ ಕೆರೆದುಕೊಳ್ಳುವಾಗ, ಇವಳು ನಿಮಿಷದಲ್ಲಿ ಉತ್ತರ ಬರೆಯುತ್ತಿದ್ದಳು. ನೆಲ ಒರೆಸುವ ದ್ರಾವಣವನ್ನು ಒಂದಕ್ಕೆ ನಲವತ್ತು, ಬಚ್ಚಲಿನದನ್ನು ಒಂದಕ್ಕೆ ಹತ್ತು ಎಂದು ಬೆರೆಸಿ ಬೆರೆಸಿ ಅವಳಿಗೆ ಪ್ರಮಾಣ ಬೆರಳ ತುದಿಯಲ್ಲಿತ್ತು. ಸೋಂಕು ತಡೆಯುವ ಪಾಠದಲ್ಲಿ, ಒಂದು ಕಡೆಯ ಬಟ್ಟೆ ಇನ್ನೊಂದು ಕಡೆಗೆ ಹೋಗಬಾರದು ಎಂದು ಬಂದಾಗ, “ಇದು ನಮಗೆ ಗೊತ್ತಿಲ್ವಾ? ಕೆಂಪು ಬಟ್ಟೆ ಟಾಯ್ಲೆಟ್ಟಿಗೆ, ನೀಲಿ ಕನ್ನಡಿಗೆ” ಎಂದು ನಕ್ಕಳು. ಪ್ರತಿ ಪಾಠದ ಕೊನೆಯಲ್ಲಿ ಪ್ರಶ್ನೆ ಬರುತ್ತಿತ್ತು, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ತೊಂಬತ್ತೈದಕ್ಕಿಂತ ಕೆಳಗೆ ಕಾರ್ಮಿನ್ ಇಳಿದದ್ದೇ ಇಲ್ಲ. ಪ್ರಾರ್ಥನಾ ಆ ಅಂಕಗಳನ್ನು ಪ್ರಿಂಟ್ ಮಾಡಿ ಫಲಕಕ್ಕೆ ಅಂಟಿಸುತ್ತಿದ್ದಳು, ತನಗೇ ಬಂದಷ್ಟು ಹೆಮ್ಮೆಯಿಂದ. ಟಯರ್ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಕಾರ್ಮಿನ್‌ಳ ಗಂಡ ಯುಜಿನ್ ಮಾತ್ರ ಕಂಡವರಿಗೆಲ್ಲ, “ಜ್ವರ ಬಂದ್ರೆ ಮನೆಗೆ ಬನ್ನಿ, ನನ್ನ ಹೆಂಡ್ತಿ ಮೌಸಲ್ಲಿ ಇಂಜೆಕ್ಷನ್ ಕೊಡ್ತಾಳೆ” ಎನ್ನುತ್ತಿದ್ದ.

ಎರಡು ವರ್ಷ ಕಳೆದು, 2007ರ ಆರಂಭದಲ್ಲಿ ಆಸ್ಪತ್ರೆಗೆ ಹೋಗುವ ಮುಂಚಿನ ಪರೀಕ್ಷೆ ಬಂತು. ಪಾಸಾದರೆ ವಾರ್ಡು. ಫೇಲಾದರೆ ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಕೋರ್ಸಿನಿಂದಲೇ ಹೊರಗೆ. ವಾರ್ಡಿಗೆ ಹೋಗಲು ಹೋಟೆಲ್ ಬಿಡಲೇಬೇಕು. ಕಾರ್ಮಿನ್ ಬಿಟ್ಟೂ ಆಗಿತ್ತು, ಅವಳ ಜಾಗಕ್ಕೆ ಬೇರೊಬ್ಬಳು ಬಂದೂ ಆಗಿತ್ತು.

ಪರೀಕ್ಷಕರು ಕ್ಯಾಮಿಲಸ್ ಸರ್. ಮೂಡುಬೆಳ್ಳೆಯವರು, ಇಪ್ಪತ್ತು ವರ್ಷ ಅಬುಧಾಬಿಯ ವಾರ್ಡುಗಳಲ್ಲಿ ದುಡಿದವರು, ನಗುವುದು ಅಪರೂಪ. ಅಂಕಗಳನ್ನು ಲ್ಯಾಪ್‌ಟಾಪಿನಲ್ಲಿ ತುಂಬಬೇಕಿದ್ದು, ಅದು ಅವರಿಗೆ ಆಗಿಬರುತ್ತಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ಪ್ರಾರ್ಥನಾ ಕೂರಬೇಕಾಯಿತು. ಕಾಲೇಜಿನ ಲ್ಯಾಬಿನ ಮಂಚದ ಮೇಲೆ ರೋಗಿಯಾಗಿ ಮಲಗಿದವರು ಲೆಕ್ಕಪತ್ರ ನೋಡುವ ಶ್ರೀಕಂಠಯ್ಯ. ಮೈಸೂರಿನವರು, ಸಂಭಾವಿತರು. ಏನು ಕೇಳಿದರೂ ‘ಯೆಸ್’ ಅನ್ನಬೇಕೆಂದು ಅವರಿಗೆ ಹೇಳಲಾಗಿತ್ತು.

ಕಾರ್ಮಿನ್ ಕೈ ತೊಳೆದಳು. ತಟ್ಟೆ ಜೋಡಿಸಿದಳು. ರಫೀಕ್ ಎಂಬ ಹೆಸರಿದ್ದ ಮದ್ದಿನ ಚೀಟಿ ಮೂರು ಸಲ ಓದಿದಳು. ಪರದೆ ಸರಿಸಿ, ಹೋಟೆಲಿನಲ್ಲಿ ಹದಿನೇಳು ವರ್ಷ ರೂಢಿಯಾದ ಹಸನ್ಮುಖದಿಂದ, “ಗುಡ್ ಮಾರ್ನಿಂಗ್, ಮಿಸ್ಟರ್ ರಫೀಕ್! ನಿದ್ದೆ ಚೆನ್ನಾಗಿ ಬಂತಾ?” ಎಂದಳು.

“ಯೆಸ್,” ಎಂದರು ಶ್ರೀಕಂಠಯ್ಯ.

ಮಾತ್ರೆ ಕೊಟ್ಟಳು. ದಿಂಬು ಸರಿಪಡಿಸಿದಳು. ಕ್ಯಾಮಿಲಸ್ ಸರ್ ಎದ್ದು ಹೋಗಿ ಹೊದಿಕೆಯೊಳಗಿಂದ ಶ್ರೀಕಂಠಯ್ಯನವರ ಕೈ ಹೊರಗೆಳೆದರು. ಕೈಪಟ್ಟಿಯಲ್ಲಿ ಇದ್ದ ಹೆಸರು ಶಫೀಕ್.

“ಫೇಲ್ ಅಂತ ಒತ್ತು,” ಎಂದರು ಪ್ರಾರ್ಥನಾಳಿಗೆ.

“ಸರ್, ಹೆಸರು ಕೇಳೋ ಪಾಠದಲ್ಲಿ ಅಕ್ಕನಿಗೆ ನೂರಕ್ಕೆ ನೂರು ಬಂದಿದೆ.”

“ಬಂದಿರಬಹುದು. ಕಂಪ್ಯೂಟರು ನಾಲ್ಕು ಉತ್ತರ ತೋರಿಸಿ ಆರಿಸು ಅಂತದೆ. ವಾರ್ಡಲ್ಲಿ ಯಾರು ತೋರಿಸ್ತಾರೆ?” ಮತ್ತೆ ಕಾರ್ಮಿನ್ ಕಡೆ ತಿರುಗಿ, “ನೋಡಿ, ಹೋಟೆಲಿಗೆ ಬಂದವನ ಹೆಸರು ನೀವೇ ಹೇಳಿದ್ರೆ ಅವನಿಗೆ ಖುಷಿ. ಆಸ್ಪತ್ರೆಗೆ ಬಂದವ ಅರ್ಧ ನಿದ್ದೆಯಲ್ಲಿ ಇರ್ತಾನೆ, ಭಾಷೆ ಬರುದಿಲ್ಲ, ಎಂತ ಹೇಳಿದ್ರೂ ತಲೆ ಆಡಿಸ್ತಾನೆ. ಹೆಸರು ಅವನ ಬಾಯಿಂದಲೇ ಬರಬೇಕು. ಆಮೇಲೆ ಕೈಪಟ್ಟಿ. ಆಮೇಲೆ ಮದ್ದು.”

ಶ್ರೀಕಂಠಯ್ಯ ಮಂಚದಿಂದಿಳಿದು ಚಪ್ಪಲಿ ಹುಡುಕುತ್ತ, “ನನ್ನ ತಪ್ಪೇನಿಲ್ಲ ಕಣಮ್ಮಾ, ಯೆಸ್ ಅನ್ನಿ ಅಂದ್ರು, ಅಂದೆ,” ಎಂದು ಗೊಣಗಿದರು. ಕಾರ್ಮಿನ್ ಅವರು ಮಲಗಿದ್ದ ಹಾಸಿಗೆಯ ಸುಕ್ಕು ಬಿಡಿಸಿದಳು. ಕಣ್ಣು ತುಂಬಿತ್ತು.

ಅಂದು ಸಂಜೆ ಪ್ರಾರ್ಥನಾ ಫಲಕದ ಮೇಲಿನ ಅಂಕಪಟ್ಟಿಗಳನ್ನು ಒಂದೊಂದಾಗಿ ನೋಡಿದಳು. ಸುಳ್ಳೇನೂ ಇರಲಿಲ್ಲ ಅವುಗಳಲ್ಲಿ. ಕಾರ್ಮಿನ್‌ಗೆ ಎಲ್ಲ ಗೊತ್ತಿತ್ತು, ಆದರೆ ಕಲಿತದ್ದು ಬೆರಳು. ನಾಲಿಗೆ ಇನ್ನೂ ಹೋಟೆಲಿನಲ್ಲೇ ಇತ್ತು. ಆಗ ಪ್ರಾರ್ಥನಾಳಿಗೆ ನೆನಪಾದದ್ದು ಪ್ರತಿ ಪಾಠದ ತಳದಲ್ಲಿದ್ದ ‘ಮಾತಿನ ಅಭ್ಯಾಸ’ ಎಂಬ ಪುಟ. ಹೆಡ್‌ಫೋನ್ ಹಾಕಿಕೊಂಡರೆ ತೆರೆಯ ಮೇಲೆ ಒಬ್ಬ ರೋಗಿ ಬರುತ್ತಾನೆ, ಅವನೊಡನೆ ಗಟ್ಟಿಯಾಗಿ ಮಾತಾಡಬೇಕು, ಮಾತು ದಾಖಲಾಗಿ ಮೇಷ್ಟರಿಗೆ ಹೋಗುತ್ತದೆ. ಅದಕ್ಕೆ ಅಂಕವಿರಲಿಲ್ಲ. ಎರಡು ವರ್ಷದಲ್ಲಿ ಒಬ್ಬರೂ ತೆರೆದಿರಲಿಲ್ಲ. ದಂಡ ಎಂದು ತೆಗೆದುಹಾಕಲು ಪ್ರಾರ್ಥನಾಳೇ ಹೊರಟಿದ್ದಳು.

ಮರುಪರೀಕ್ಷೆಗೆ ಐದು ವಾರ. ಕಾರ್ಮಿನ್ ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ಹೆಡ್‌ಫೋನ್ ಏರಿಸುತ್ತಿದ್ದಳು. “ನಮಸ್ಕಾರ, ನಾನು ಕಾರ್ಮಿನ್, ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?” ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಮುರುಕು ಅರಬಿಯಲ್ಲಿ. ಮೊದಲ ದಿನ ತೆರೆಯ ಇಪ್ಪತ್ತು ರೋಗಿಗಳಲ್ಲಿ ಹದಿನಾಲ್ವರಿಗೆ ‘ಗುಡ್ ಮಾರ್ನಿಂಗ್, ಮಿಸ್ಟರ್’ ಎಂದೇ ಬಂತು. ಕ್ಯಾಮಿಲಸ್ ಸರ್ ಒಂದೊಂದನ್ನೂ ಕೇಳಿ, ಒಂದೇ ಸಾಲು ಉತ್ತರ ಬರೆಸುತ್ತಿದ್ದರು: ‘ಪುನಃ.’ ಮನೆಯಲ್ಲೂ ಇದೇ ಗೋಳು.

“ಚಾ ಕೊಡುವ ಮೊದಲು ಹೆಸರು ಕೇಳ್ತಾಳೆ ಮಾರಾಯ್ತಿ,” ಎಂದು ಯುಜಿನ್ ಫೋನು ಮಾಡಿ ದೂರಿದ. “ಹದಿನಾಲ್ಕು ವರ್ಷ ಆಯ್ತು ಮದುವೆಯಾಗಿ! ಇವತ್ತು ಜನ್ಮದಿನಾಂಕವೂ ಬೇಕಂತೆ.”

ಮಗಳು ಸ್ಟೇಸಿಯಂತೂ, “ಮಮ್ಮಿ, ಯೂ ಗೇವ್ ಮಿ ದಿಸ್ ನೇಮ್!” ಎಂದು ಬಾಗಿಲು ಹಾಕಿಕೊಂಡಿದ್ದಳಂತೆ.

ಮೂರನೆಯ ವಾರದ ಕೊನೆಗೆ ಇಪ್ಪತ್ತಕ್ಕೆ ಇಪ್ಪತ್ತು ಸರಿಯಾಯಿತು. ಅಂದೂ ಉತ್ತರ ‘ಪುನಃ’ ಎಂದೇ ಬಂತು.

ಎರಡನೆಯ ಸಲದ ಪರೀಕ್ಷೆ ಆಸ್ಪತ್ರೆಯಲ್ಲೇ ಎಂಬುದು ಕಾಲೇಜಿನ ನಿಯಮ. ಹೆಂಗಸರ ವಾರ್ಡು, ಬೆಳಗಿನ ತಿಂಡಿಗೆ ಮುಂಚಿನ ಹೊತ್ತು. ಹದಿನೈದು ನಿಮಿಷದ ಗಡುವು. ಕೆಲಸ, ಎಂಟನೇ ಮಂಚದ ಐಸಮ್ಮನಿಗೆ ಇನ್ಸುಲಿನ್ ಕೊಡುವುದು. ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದು, ಸಕ್ಕರೆ ಏರಿ ಮಲಗಿದ್ದ ಉಳ್ಳಾಲದ ಮುದುಕಿ, ವಾರ್ಡಿಗೆಲ್ಲ ‘ಉಮ್ಮ’, ಅಂದರೆ ಅಮ್ಮ. ಕ್ಯಾಮಿಲಸ್ ಸರ್ ಮಂಚದ ಕಾಲಬುಡದಲ್ಲಿ, ಪ್ರಾರ್ಥನಾ ಲ್ಯಾಪ್‌ಟಾಪ್ ಹಿಡಿದು ಗೋಡೆಯ ಬಳಿ.

ಮಂಚದ ತಲೆಯ ಮೇಲಿನ ಫಲಕದಲ್ಲಿ ಐಸಮ್ಮ ಎಂದು ಕಾಣುತ್ತಿತ್ತು. ಕೆಳಗೆ ಮುಖದವರೆಗೂ ಹೊದಿಕೆ ಎಳೆದುಕೊಂಡ ಒಂದು ಮೈ. ಕಾರ್ಮಿನ್ ಬಾಯಿ ತೆರೆದಳು, ಒಂದು ಕ್ಷಣ ತಡೆದಳು.

“ಉಮ್ಮ, ನಾನು ಕಾರ್ಮಿನ್. ನಿಮ್ಮ ಪೂರ್ತಿ ಹೆಸರು ಹೇಳಿ.”

ಹೊದಿಕೆಯೊಳಗಿಂದ ದನಿ ಬಂತು. “ಅಲ್ಲೇ ಮ್ಯಾಲೆ ಬರದಾರಲ್ಲ, ಓದ್ಕೋ.”

“ಅದು ಬೋರ್ಡಿನ ಹೆಸರು. ನನಗೆ ನಿಮ್ಮದು ಬೇಕು.”

“ಏನ್ ಜೀವಾ ತಿಂತಿಯವ್ವಾ! ಬೆಳಗಾಗೋದ್ರಾಗ ಹೆಸರಿಂದೇನ್ ಕೆಲಸ? ನೀ ಸೂಜಿ ಕೊಟ್ಟು ಹೋಗ.”

ಕ್ಯಾಮಿಲಸ್ ಸರ್ ಗಡಿಯಾರ ನೋಡಿಕೊಂಡರು. ಕಾರ್ಮಿನ್ ಇನ್ಸುಲಿನ್ನಿನ ತಟ್ಟೆಯನ್ನು ಪಕ್ಕದ ಮೇಜಿನ ಮೇಲಿಟ್ಟಳು.

“ಹೆಸರು ಹೇಳುವವರೆಗೆ ಸೂಜಿ ಇಲ್ಲ. ನಾನು ಇಲ್ಲೇ ನಿಲ್ತೇನೆ. ನನಗೆ ಬೇರೆ ಎಂತ ಕೆಲಸವೂ ಇಲ್ಲ, ಇದ್ದ ಕೆಲಸ ಬಿಟ್ಟು ಬಂದದ್ದು.”

ಆಗ ಒಂಬತ್ತನೇ ಮಂಚದಿಂದ ಕಿಸಕ್ಕನೆ ನಗು ಕೇಳಿಸಿತು. ಎಂಟನೆಯ ಮಂಚದ ಹೊದಿಕೆ ಮೆಲ್ಲಗೆ ಇಳಿಯಿತು. “ಖೈರುನ್ನಿಸ,” ಎಂದಳು ಮಲಗಿದ್ದವಳು, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ. “ಹುಬ್ಬಳ್ಳಿ ನಂದು. ಪಿತ್ತಕೋಶದಾಗ ಕಲ್ಲ ಅಂತ ಆಪರೇಶನ್ ಮಾಡ್ಯಾರ. ಸಕ್ಕರಿ ಗಿಕ್ಕರಿ ನನಗಿಲ್ಲ.”

ಕೈಪಟ್ಟಿಯೂ ಅದನ್ನೇ ಹೇಳಿತು. ಒಂಬತ್ತರಲ್ಲಿ ಎರಡು ಕಂಬಳಿ ಹೊದ್ದ ಐಸಮ್ಮ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. “ಆ ಮಂಚಕ್ಕೆ ಎಸಿ ಗಾಳಿ ಸೀದಾ ನೆತ್ತಿಗೆ ಬಡಿತದೆ ಮಗಳೇ. ಈ ಹುಡುಗಿ ಪಾಪದವಳು, ನಾನು ಮಲಗ್ತೇನೆ ಅಂದಳು. ಸಿಸ್ಟರಿಗೆ ಹೇಳಿದ್ರೆ ಬೈತಾರೆ ಅಂತ ಹೇಳ್ಲಿಲ್ಲ.”

ಕ್ಯಾಮಿಲಸ್ ಸರ್ ಹಣೆ ಒರೆಸಿಕೊಂಡರು. ಸಕ್ಕರೆ ಕಾಯಿಲೆಯಿಲ್ಲದವಳಿಗೆ, ಅದೂ ಬರಿಹೊಟ್ಟೆಯಲ್ಲಿ, ಆ ಇನ್ಸುಲಿನ್ ಬಿದ್ದಿದ್ದರೆ ಏನಾಗುತ್ತಿತ್ತೆಂದು ಅವರು ಬಿಡಿಸಿ ಹೇಳಬೇಕಿರಲಿಲ್ಲ. ಕಾರ್ಮಿನ್ ಕೈಯನ್ನು ಮತ್ತೆ ತೊಳೆದು, ತಟ್ಟೆ ಎತ್ತಿಕೊಂಡು ಒಂಬತ್ತರ ಪಕ್ಕಕ್ಕೆ ಹೋಗಿ ನಿಂತಳು.

“ಉಮ್ಮ, ನಿಮ್ಮ ಪೂರ್ತಿ ಹೆಸರು ಹೇಳಿ.”

“ಯಾ ಅಲ್ಲಾ! ಇಷ್ಟೆಲ್ಲ ಆದ ಮೇಲೂ?”

“ಇಷ್ಟೆಲ್ಲ ಆದ ಮೇಲೆ ಮತ್ತೂ ಕೇಳ್ಬೇಕು.”

ಮುದುಕಿ ತನ್ನ ಹೆಸರು, ಬಾಪನ ಹೆಸರು, ಊರು ಎಲ್ಲ ಒಪ್ಪಿಸಿದಳು. ಪಟ್ಟಿ ನೋಡಿದ್ದಾಯಿತು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲವೆಂದು ಐಸಮ್ಮನೇ ಸಾಕ್ಷಿ ನುಡಿದಳು. ಖೈರುನ್ನಿಸಳನ್ನು ಗಾಳಿ ಬಡಿಯದ ಇನ್ನೊಂದು ಮಂಚಕ್ಕೆ ಬದಲಿಸಿ, ಫಲಕಗಳನ್ನು ತಿದ್ದಿಸಿಯೇ ಕಾರ್ಮಿನ್ ಪರದೆಯಿಂದ ಹೊರಬಂದದ್ದು.

“ಸರ್, ಇಪ್ಪತ್ತಾರು ನಿಮಿಷ ಆಗಿದೆ,” ಎಂದಳು ಪ್ರಾರ್ಥನಾ. “ಹದಿನೈದು ದಾಟಿದ್ರೆ ಕಾರಣ ಬರೀಬೇಕು ಅಂತ ಕೇಳ್ತಿದೆ.”

“ಬರಿ. ರೋಗಿಯನ್ನು ಹುಡುಕಲು ಹನ್ನೊಂದು ನಿಮಿಷ ಹಿಡಿಯಿತು ಅಂತ ಬರಿ.” ಕ್ಯಾಮಿಲಸ್ ಸರ್ ಮೊದಲ ಬಾರಿಗೆ ಹಲ್ಲು ಕಾಣಿಸಿದರು. “ಆಮೇಲೆ ಪಾಸ್ ಒತ್ತು. ಯಲ್ಲಾ, ಬೇಗ.”

ಪ್ರಾರ್ಥನಾ ಒತ್ತಿದಳು. ಮರುದಿನವೇ ‘ಮಾತಿನ ಅಭ್ಯಾಸ’ಕ್ಕೆ ಇಪ್ಪತ್ತು ಅಂಕ ಇಡಬೇಕೆಂದು ಪ್ರಾಂಶುಪಾಲರಿಗೆ ಪತ್ರ ಬರೆದಳು. ಹತ್ತು ಅಂಕ ಕೊಟ್ಟರು.

ಕಾರ್ಮಿನ್ 2008ರಲ್ಲಿ ಡಿಪ್ಲೊಮಾ ಮುಗಿಸಿ, ಪರವಾನಗಿ ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸು ಮಾಡಿದಳು. ಈಗ ಅವಳು ಅಬುಧಾಬಿಯ ಬನಿಯಾಸ್‌ನಲ್ಲಿರುವ ಒಂದು ಡಯಾಲಿಸಿಸ್ ಕೇಂದ್ರದಲ್ಲಿ, ಬೆಳಗಿನ ಪಾಳಿಯಲ್ಲಿ, ಸ್ಟಾಫ್ ನರ್ಸ್ ಆಗಿ ಕೆಲಸ ಮಾಡುತ್ತಾಳೆ.