ಹೂಂ ಅನ್ನುವ ವರ್ಷ

ಹೊಸ ವರ್ಷಕ್ಕೆ ನಾನು ಮಾಡುತ್ತಿದ್ದ ಸಂಕಲ್ಪಗಳು ಸಂಕ್ರಾಂತಿಯವರೆಗೂ ಬಾಳುತ್ತಿರಲಿಲ್ಲ. ಹಾಗಾಗಿ ಆ ಸಲ ಅವನ್ನೆಲ್ಲ ಬಿಟ್ಟು, ವರ್ಷವಿಡೀ ದಾರಿ ತೋರಲು ಒಂದೇ ಮಾತನ್ನು ಆರಿಸಿಕೊಂಡೆ: ‘ಹೂಂ.’ ಯಾರು ಏನಕ್ಕೆ ಕರೆದರೂ ಒಪ್ಪಿಕೊಳ್ಳುವುದು. ಅದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು.

ಅದೇ ವಾರ, ನಾಂಪಲ್ಲಿಯ ಮೈದಾನದಲ್ಲಿ ಪ್ರತಿ ಜನವರಿ ನಡೆಯುವ ಎಕ್ಸಿಬಿಷನ್‌ನಲ್ಲಿ, ಎಪ್ಪತ್ತು ದಾಟಿದ ಅವ್ವ ಜೈಂಟ್ ವೀಲ್ ಮುಂದೆ ನಿಂತುಬಿಟ್ಟಳು.

“ಹತ್ತೂಣೇನು?”

“ಅವ್ವಾ, ನನಗ ಎತ್ತರ ಅಂದ್ರ ಭಾಳ ಅಂಜಿಕಿ.”

“ಈ ವರ್ಷ ಎಲ್ಲಾದಕ್ಕೂ ಹೂಂ ಅಂತೀನಿ ಅಂದಿದ್ದೆಲ್ಲ?”

ಹತ್ತಿದೆವು. ತೊಟ್ಟಿಲು ಮೇಲೇರಿದಂತೆ ನಾನು ಕಣ್ಣು ಮುಚ್ಚಿ ಅವ್ವನ ಸೆರಗು ಹಿಡಿದುಕೊಂಡೆ. ಅವಳು ಗಟ್ಟಿಯಾಗಿ ನಕ್ಕಳು.

“ಕಣ್ಣ ತೆಗಿಯೋ, ಊರೆಲ್ಲಾ ಕಾಣಾಕತ್ತೈತಿ!”

ತೆರೆದೆ. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಊರು ನೋಡುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತ ಕುಳಿತೆ, ತಲೆಯೂ ತಿರುಗಲಿಲ್ಲ.