ಎಡದಿಂದ ಐದನೆಯವರು

ನಾಯಿಗೆ ಹೆಸರಿತ್ತು. ಸಲೀಮನಿಗೆ ಇರಲಿಲ್ಲ.

ಮೂರು ವಾರ ತಡೆದುಕೊಂಡೆ, ಇನ್ನಾಗದು. ಈ ಸಲದ ಅಂಕಣದಲ್ಲಿ ಬೇರೆ ವಿಷಯ ಕೇಳಬೇಡಿ.

ಸಲೀಂ ನದಾಫ್ ಯಾರೆಂದು ಮೊದಲು ಹೇಳಿಬಿಡುತ್ತೇನೆ. ದಾವಣಗೆರೆಯವನು. ಇಲ್ಲಿ ನೆದರ್‌ಲೆಂಡ್ಸಿನ ಟಿಲ್‌ಬರ್ಗ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆಗಿದ್ದಾನೆ. ಊರಂಚಿನ ದೊಡ್ಡ ಗೋದಾಮಿನಲ್ಲಿ ಯಾವ ಲಾರಿ ಎಲ್ಲಿಗೆ ಹೋಗಬೇಕೆಂದು ಪ್ಲಾನ್ ಮಾಡುವ ಕೆಲಸ. ನನ್ನನ್ನು ಅಕ್ಕಾ ಎನ್ನುತ್ತಾನೆ. ಕಾಲೇಜಿನಲ್ಲಿ ಕಬಡ್ಡಿ ಆಡಿ ಬೆಳೆಸಿದ ಮೈಕಟ್ಟು. ಅದನ್ನು ನೋಡಿಯೇ ಹದಿನೆಂಟು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬ ಅವನನ್ನು ಆಗಷ್ಟೇ ಹುಟ್ಟಿದ್ದ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಎಳೆದುಕೊಂಡು ಹೋದ.

(ಫುಟ್‌ಬಾಲ್ ಅಂದ ತಕ್ಷಣ ಇಲ್ಲಿನ ಕಿತ್ತಳೆ ಜೆರ್ಸಿಗಳನ್ನು ನೆನೆಯಬೇಡಿ. ಇದು ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವ ಆಟ.)

ಆಗ ಅದನ್ನು ತಂಡ ಎನ್ನುವುದೂ ಕಷ್ಟವಿತ್ತು. ತಲೆಗೆ ಕೂರದ ಹೆಲ್ಮೆಟ್ಟುಗಳು, ಬೇರೆಯವರು ಆಡಿ ಬಿಟ್ಟ ಮೈದಾನ. ಮೊದಲ ಸೀಸನ್ನಿನಲ್ಲಿ ಆಡಿದ್ದೆಲ್ಲ ಸೋತರು. ಸಲೀಂ ಸೆಂಟರ್. ಅಂದರೆ ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿರುವವನ ಕೈಗೆ ಕೊಟ್ಟು, ಮರುಗಳಿಗೆಯೇ ಎದುರಿನಿಂದ ನುಗ್ಗಿ ಬರುವವನಿಗೆ ಎದೆಕೊಡುವವನು. ದಾಳಿ ಶುರುವಾಗುವುದೇ ಅವನ ಕೈಯಿಂದ. ಚಪ್ಪಾಳೆ ಮಾತ್ರ ಹಿಂದೆ ನಿಂತು ಎಸೆಯುವವನಿಗೆ. ನಾಲ್ಕು ಸೀಸನ್ ಆಡಿದ. ಬಲ ಮಂಡಿ ಹೋಯಿತು. ಉಂಗುರದ ಬೆರಳು ಇವತ್ತಿಗೂ ಸೊಟ್ಟಗಿದೆ.

ಈಗ ಆ ತಂಡ ಪ್ರೊಫೆಷನಲ್ ಆಗಿದೆ. (ಹೆಸರು ಬರೆಯುವುದಿಲ್ಲ. ನಾನು ಇದೇ ಊರಿನಲ್ಲಿ ಬಾಳಬೇಕು.) ಅಮೆರಿಕದಿಂದ ಆಟಗಾರರು ಬರುತ್ತಾರೆ, ಹೊಸ ಕಟ್ಟಡ ಎದ್ದಿದೆ. ಅದರ ಒಳಗೋಡೆಯ ತುಂಬ ತಂಡದ ಇತಿಹಾಸವನ್ನೂ ಈಗಿನ ಆಟಗಾರರನ್ನೂ ಹಾಕಿದ್ದಾರೆ, ಶನಿವಾರ ಎಲ್ಲರೂ ಬಂದು ನೋಡಬಹುದು ಎಂದು ಸುದ್ದಿ ಬಂತು.

ಹೋಗಲೇಬೇಕೆಂದು ಹಟ ಹಿಡಿದವಳು ಸಲೀಮನ ಮಗಳು ಜೋಯಾ. ಹದಿಮೂರು ವರ್ಷ. ‘ನಮ್ಮಪ್ಪ ಫಸ್ಟ್ ಟೀಮಲ್ಲಿದ್ರು’ ಎಂದು ಕ್ಲಾಸಿನಲ್ಲಿ ಹೇಳಿದಾಗ ಯಾರೂ ನಂಬಿರಲಿಲ್ಲವಂತೆ. ಅದಕ್ಕೆಂದೇ ಇಬ್ಬರು ಡಚ್ ಗೆಳತಿಯರನ್ನು ಕರೆತಂದಿದ್ದಳು. ನಾನೂ ಜೊತೆಗೆ ಹೋದೆ.

ಬಲಗಡೆ ಈಗಿನ ತಂಡ. ಒಬ್ಬೊಬ್ಬರಿಗೂ ಆಳೆತ್ತರದ ಫೋಟೋ. ಹೆಸರು, ಎತ್ತರ, ತೂಕ, ಓದಿದ ಕಾಲೇಜು, ಇಷ್ಟದ ತಿಂಡಿ. (ಒಬ್ಬನಿಗೆ ಪ್ಯಾನ್‌ಕೇಕ್ ಅಂದರೆ ಪ್ರಾಣವಂತೆ. ಸಂತೋಷ.) ಎಡಗಡೆ ಇತಿಹಾಸ. ಅಲ್ಲಿ ಮೊದಲ ಸೀಸನ್ನಿನ ಗ್ರೂಪ್ ಫೋಟೋ. ಹೆಲ್ಮೆಟ್ಟುಗಳನ್ನು ಕಂಕುಳಲ್ಲಿಟ್ಟುಕೊಂಡು, ಕೆಸರು ಮೆತ್ತಿಕೊಂಡು ನಗುತ್ತಿರುವ ಗಂಡಸರು. ನಡುವೆ ನಮ್ಮ ಸಲೀಂ. ಮೀಸೆ ಈಗಿನದೇ, ಹೊಟ್ಟೆ ಮಾತ್ರ ಆಗ ಇರಲಿಲ್ಲ.

‘ನಮ್ಮ ಅಬ್ಬಾ!’ ಎಂದು ಜೋಯಾ ಕುಣಿದಳು. ಗೆಳತಿಯರು ಬಗ್ಗಿ ಕೆಳಗಿನ ಹೆಸರುಗಳನ್ನು ಓದತೊಡಗಿದರು. ಎಡದಿಂದ ಒಬ್ಬೊಬ್ಬರದೇ. ಐದನೆಯ ಜಾಗದಲ್ಲಿ ‘ಒನ್‌ಬೆಕೆಂಡ್’ ಎಂದಿತ್ತು. ಅಂದರೆ ಗೊತ್ತಿಲ್ಲ. ಅನಾಮಿಕ. ಅದೇ ಸಾಲಿನ ಕೊನೆಯಲ್ಲಿ: ‘ಮುಂದೆ ಕೂತಿರುವುದು, ನಾಯಿ ಬಾಬಿ.’

ಗೆಳತಿಯೊಬ್ಬಳು ಜೋಯಾಳ ಮುಖ ನೋಡಿದಳು. ಜೋಯಾ ನೆಲ ನೋಡಿದಳು.

ಸಲೀಂ ಏನು ಮಾಡಿದ ಗೊತ್ತೇ? ಜೋರಾಗಿ ನಕ್ಕ. ‘ಬಿಡ್ರಿ ಅಕ್ಕಾ, ಹಳೇ ಕಥೆ. ಬರ್ರಿ, ಕಾಫಿ ಕುಡಿಯೋಣ.’

ಬಿಡುವುದೇ? ನಾನು ನೇರ ಕೌಂಟರಿಗೆ ಹೋದೆ. ಕೊರಳಿಗೆ ಬ್ಯಾಡ್ಜ್ ತೂಗಿಸಿಕೊಂಡ ಹುಡುಗಿ ನಕ್ಕಳು. ವಿಷಯ ಹೇಳಿದೆ.

‘ಓ, ಸಾರಿ! ವೆಬ್‌ಸೈಟಿನಲ್ಲಿ ಫಾರ್ಮ್ ಇದೆ. ತುಂಬಿ, ಜೊತೆಗೆ ಒಂದು ದಾಖಲೆ ಅಪ್‌ಲೋಡ್ ಮಾಡಿ.’

‘ಏನಕ್ಕೆ ದಾಖಲೆ?’

‘ಫೋಟೋದಲ್ಲಿ ಇರೋದು ಅವರೇ ಅನ್ನೋದಕ್ಕೆ.’

‘ಅಲ್ಲಮ್ಮಾ, ಅಲ್ಲೇ ನಿಂತಿದ್ದಾನೆ. ಆ ಮುಖ ನೋಡು, ಈ ಮುಖ ನೋಡು.’

‘ಹಾಗೆ ಯಾರು ಬೇಕಾದರೂ ಬಂದು ಹೇಳಬಹುದಲ್ಲ?’

ಯಾರು ಬರುತ್ತಾರೆ? ಒಂದು ಪಂದ್ಯವನ್ನೂ ಗೆಲ್ಲದ ತಂಡದ ಸೆಂಟರ್ ನಾನೇ ಎಂದು ಸುಳ್ಳು ಹೇಳಿಕೊಂಡು ಈ ಟಿಲ್‌ಬರ್ಗ್‌ನಲ್ಲಿ ಯಾರು ಕ್ಯೂ ನಿಂತಿದ್ದಾರೆ? ನನ್ನ ದನಿ ಏರಿತು. ಸುತ್ತಲಿನವರು ತಿರುಗಿ ನೋಡಿದರು. ನೋಡಲಿ.

ಅಷ್ಟರಲ್ಲಿ ಹಿಂದಿನಿಂದ ಯಾರೋ ‘ಸ್ಯಾಮ್!’ ಎಂದು ಕೂಗಿದರು. ಕೋಲೂರಿಕೊಂಡು ಬಂದ ಮುದುಕರೊಬ್ಬರು ಸಲೀಮನನ್ನು ತಬ್ಬಿಕೊಂಡರು. ಮೊದಲ ತಂಡದ ಕೋಚ್ ಅಂತೆ. ಸೊಟ್ಟ ಬೆರಳನ್ನು ಹಿಡಿದು, ‘ಇದು ಮಳೆಯಲ್ಲಿ ಆಡಿದ ಮ್ಯಾಚು, ಟೇಪ್ ಸುತ್ತಿದವನು ನಾನೇ’ ಎಂದರು. ‘ನನ್ನ ಬೆಸ್ಟ್ ಸೆಂಟರ್’ ಎಂದು ಜೋಯಾಳಿಗೆ ಹೇಳುವಾಗ ಕಣ್ಣು ತುಂಬಿತ್ತು.

ನಾನು ಗೋಡೆ ತೋರಿಸಿದೆ. ಅವರು ಕೆಂಪಾದರು. ಹೆಸರಿನ ಪಟ್ಟಿ ಕೊಟ್ಟವರೇ ಅವರು!

‘ಪೂರ್ತಿ ಹೆಸರು ನಂಗೆ ಯಾವತ್ತೂ ಗೊತ್ತಿರಲಿಲ್ಲ’ ಎಂದರು ಮೆಲ್ಲಗೆ. ‘ಬರೀ ಸ್ಯಾಮ್ ಅಂತ ಬರೆದರೆ ಮರ್ಯಾದೆಯಲ್ಲ ಅನ್ನಿಸಿತು. ಖಾಲಿ ಬಿಟ್ಟೆ.’

ಮುದುಕರ ಮೇಲೆ ಸಿಟ್ಟಾಗಬಾರದು, ನಿಜ. ಆದರೂ ಆದೆ. ನಾಲ್ಕು ವರ್ಷ! ಮುರಿದ ಬೆರಳು ನೆನಪಿದೆ, ಬೆರಳಿನ ಯಜಮಾನನ ಹೆಸರು ಕೇಳಬೇಕೆಂದು ಅನ್ನಿಸಲಿಲ್ಲ. ಸಲೀಂ. ಎರಡೇ ಅಕ್ಷರ ಸ್ವಾಮಿ. ನಾವಿಲ್ಲಿ ‘ಸ್ಖೆವೆನಿಂಗನ್’ ಎಂಬ ಊರಿನ ಹೆಸರು ಹೇಳಲು ಗಂಟಲು ಕೆರೆದುಕೊಂಡು ಕಲಿಯಲಿಲ್ಲವೇ? ಭಾಷೆಯ ಪರೀಕ್ಷೆ ಕಟ್ಟಿ ಪಾಸಾಗಲಿಲ್ಲವೇ? ಅವರಿಗೆ ಎರಡು ಅಕ್ಷರ ಭಾರವಾಯಿತೇ?

ಆಗ ಜೋಯಾ ಮುಂದೆ ಬಂದಳು. ‘ಸ್ಯಾಮ್ ಅಲ್ಲ, ಸಲೀಂ’ ಎಂದಳು ಡಚ್ಚಿನಲ್ಲಿ, ಗೆಳತಿಯರಿಗೂ ಕೇಳುವಂತೆ. ಆಮೇಲೆ ನದಾಫ್ ಎಂಬುದರ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಹೇಳಿದಳು. ಕೋಚ್ ಕರಪತ್ರದ ಹಿಂಬದಿಗೆ ಬರೆದುಕೊಂಡರು. ಬರೆದದ್ದನ್ನು ಅವಳಿಗೆ ತೋರಿಸಿ ಸರಿಯಿದೆಯೇ ಎಂದು ಕೇಳಿದರು. ಒಂದು ಅಕ್ಷರ ತಪ್ಪಿತ್ತು. ತಿದ್ದಿಸಿದಳು.

ಹೋದ ವಾರ ಕ್ಲಬ್ಬಿನವರು ‘ಒನ್‌ಬೆಕೆಂಡ್’ ಮೇಲೆ ಒಂದು ಸ್ಟಿಕರ್ ಅಂಟಿಸಿದ್ದಾರೆ. ಸಲೀಂ ನದಾಫ್, ಸೆಂಟರ್. ಜೋಯಾ ಸೈಕಲ್ ತುಳಿದು ಹೋಗಿ ಫೋಟೋ ಹೊಡೆದುಕೊಂಡು ಬಂದು ಕ್ಲಾಸಿನ ಗ್ರೂಪಿಗೆ ಕಳಿಸಿದ್ದಾಳೆ.

ಮೊನ್ನೆ ಭಾನುವಾರ ಅವರ ಮನೆಗೆ ಹೋಗಿದ್ದೆ. ಸಲೀಂ ಬೆಂಡೆಕಾಯಿ ಹೆಚ್ಚುತ್ತಿದ್ದ. ಮೂರು ವಾರದಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ. ‘ಅಲ್ಲ ಕಣೋ, ಅವತ್ತು ನಿಂಗೆ ಒಂಚೂರೂ ಸಿಟ್ಟು ಬರಲಿಲ್ವಾ?’

ಚಾಕು ನಿಂತಿತು.

‘ಬಂತು ಅಕ್ಕಾ. ಆ ಗೋಡೆಗೆ ಗುದ್ದಬೇಕು ಅನ್ನಿಸ್ತು. ಮಗಳು ಪಕ್ಕದಲ್ಲೇ ನಿಂತಿದ್ಲು. ನಾನೂ ಮುಖ ಸಣ್ಣದು ಮಾಡ್ಕೊಂಡಿದ್ರೆ ಅವಳ ಗತಿ ಏನ್ರಿ? ಅದಕ್ಕೇ ನಕ್ಕೆ.’

ಮತ್ತೆ ಹೆಚ್ಚತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ಫೋನ್ ನನ್ನತ್ತ ಸರಿಸಿ, ಕ್ಲಬ್ಬಿನಿಂದ ಬಂದ ಮೇಲ್ ತೋರಿಸಿದ. ತಪ್ಪು ಸರಿಪಡಿಸಲಾಗಿದೆ ಎಂದು ಒಂದು ಸಾಲು. ಅದರ ಕೆಳಗೆ, ‘ನಿಮ್ಮ ತಾಳ್ಮೆಗೆ ಧನ್ಯವಾದಗಳು.’

ತಾಳ್ಮೆ? ಅದು ತಾಳ್ಮೆ ಎಂದು ಅವರಿಗೆ ಹೇಳಿದವರು ಯಾರು?