ಸೀಸೆ ಖಾಲಿ ಹೋಗಬಾರದು

ಗೆಳೆಯರೇ, ಇವತ್ತು ಬೆಳಿಗ್ಗೆ ಆಫೀಸಿಗೆ ಹೊರಟವನ ಕೈಗೆ ಅಮ್ಮ ಒಂದು ಸೀಸೆ ತುಪ್ಪ ಕೊಟ್ಟಳು.

ಸೀಸೆಯ ಗುರುತು ನೋಡಿದ ಕೂಡಲೇ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೂ ಇಲ್ಲೇ ಉಳಿದಿರುವ ನಮ್ಮ ಆಫೀಸಿನ ಫ್ರೆಂಚ್ ಎಂಜಿನಿಯರು ನಿನ್ನೆ ಕೊಟ್ಟ ಸೀಸೆ ಅದು. ಚಳಿ ಸೀಮೆಯ ಅವರ ಮನೆತನದ ತೋಟದಲ್ಲಿ, ಅವರ ತಾಯಿಯೇ ನಿಂತು ಕೊಯ್ಯಿಸಿದ ದ್ರಾಕ್ಷಿಯ ಶಾರ್ಡನೇ ಎಂಬ ಬಿಳಿ ವೈನು. ತಣ್ಣಗಿಟ್ಟು ಕುಡಿಯಬೇಕು ಎಂದಿದ್ದರು. ಬಸವನಗುಡಿಯ ನಮ್ಮ ಮನೆಯಲ್ಲಿ ವೈನು ಎನ್ನುವಂತಿಲ್ಲ. ದ್ರಾಕ್ಷಿ ರಸ ಎಂದು ಹೇಳಿ, ನೀರಿನ ಗುಡಾಣದ ಪಕ್ಕ ಒದ್ದೆ ಮರಳಿನಲ್ಲಿ ಇಟ್ಟಿದ್ದೆ.

"ರಸ ಎಲ್ಲಮ್ಮ?"

"ಹುಳಿ ಬಂದ್ಬಿಟ್ಟಿತ್ತು ಕಣೋ. ಕರಿಬೇವಿನ ಗಿಡಕ್ಕೆ ಸುರಿದೆ. ಪಾಪ, ಅವರಿಗೆ ಹೇಳ್ಬೇಡ, ನೊಂದ್ಕೋತಾರೆ. ಸೀಸೆ ಖಾಲಿ ಕಳಿಸ್ಬಾರ್ದಲ್ಲ, ಸಕ್ಕರೆ ಹಾಕೋಣ ಅಂದ್ರೆ ರೇಷನ್ನು. ಅದಕ್ಕೇ ತುಪ್ಪ ಕಾಯಿಸಿ ಹುಯ್ದೆ."

ಆಫೀಸು ಸೇರುವಷ್ಟರಲ್ಲಿ ತುಪ್ಪ ಗಟ್ಟಿಯಾಗಿತ್ತು. ಎಂಜಿನಿಯರು ಸೀಸೆಯನ್ನು ತಿರುಗಿಸಿ ನೋಡಿದರು. ತೊಳೆದರೂ ಉಳಿದಿದ್ದ ಚೀಟಿಯ ಮೇಲಿನ ಮನೆತನದ ಹೆಸರನ್ನು ಹೆಬ್ಬೆರಳಿನಿಂದ ಸವರಿದರು.

"ನಿಮ್ಮ ತಾಯಿಗೆ ಹಿಡಿಸಿತೇ?"

"ಒಂದು ಹನಿಯೂ ಉಳಿದಿಲ್ಲ ಸಾರ್" ಎಂದೆ.

ಅವರ ಮುಖ ಅರಳಿತು. ಇವತ್ತೇ ಊರಿಗೆ ಬರೆದು ತಾಯಿಗೆ ತಿಳಿಸುತ್ತೇನೆ ಎಂದರು. ಆಮೇಲೆ ಸೀಸೆಯನ್ನು ಬೋರಲು ಹಾಕಿ, ಇದು ಹೊರಗೆ ಬರುವುದು ಹೇಗೆ ಎಂದು ಕೇಳಿದರು. ಬಿಸಿಲಿಗಿಡಿ ಎಂದೆ.

ನಾನು ಆಡಿದ್ದು ಸುಳ್ಳಲ್ಲ. ಆದರೆ ರುಚಿ ಹೇಗಿತ್ತೆಂದು ಆ ತಾಯಿ ಮರುಟಪಾಲಿನಲ್ಲಿ ಕೇಳಿದರೆ, ನಮ್ಮ ಮನೆಯಲ್ಲಿ ಉತ್ತರ ಗೊತ್ತಿರುವುದು ಕರಿಬೇವಿನ ಗಿಡಕ್ಕೆ ಮಾತ್ರ.